ಅತ್ತೆಯ ಕೈಗೆ ಎಟುಕದ ನೆಲುವು

ಆಗ ನನಗೆ ಇಪ್ಪತ್ತೇಳು. ಅರವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಯುಗಾದಿಗೆ ಮೊಮ್ಮಗಳು ನನ್ನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗೀಟು ಹಾಕಿದಳು. "ಅಜ್ಜಿ, ಹ್ವಾದ ವರ್ಷಕ್ಕಿಂತ ಅರ್ಧ ಬೆರಳು ಕಡಿಮಿ ಆಗೀರಿ" ಅಂತ ನಕ್ಕಳು. ನಾನು ನಗಲಿಲ್ಲ. ಮನೆಯ ಹೆಂಗಸರನ್ನು ವರ್ಷಕ್ಕೊಮ್ಮೆ ಹೀಗೆ ಅಳೆಯುವ ಪದ್ಧತಿ ಹಾಕಿದವಳು ನಾನೇ. ಯಾಕೆ ಹಾಕಿದೆ, ಕೇಳಿ. ನಾನು ಓದಿದ್ದು ಮೂರನೇ ಇಯತ್ತೆ, ಬರೆದದ್ದು ಹೇಗಿದ್ದರೂ ಹಾಗೇ ಓದಿಕೊಳ್ಳಿ.

ನಮ್ಮದು ಬನವಾಸಿ ಕಡೆಯ ಗದ್ದೆ ಬೇಸಾಯದ ಮನೆ. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದು ಏಳೆಂಟು ವರ್ಷವಾಗಿತ್ತು. ಅಡುಗೆಮನೆಯಲ್ಲಿ ಮಾತ್ರ ನಮ್ಮತ್ತೆಯ ರಾಜ್ಯ. ಒಲೆ ಪಕ್ಕದ ತೊಲೆಗೆ ಹಗ್ಗದ ನೆಲುವು, ಅದರಲ್ಲಿ ಹಾಲಿನ ಗಡಿಗೆ. ಹಾಲು ಅಲ್ಲಿಗೆ ಏರಿದರೆ ಇಳಿಸುವ ಹಕ್ಕು ಅತ್ತೆ ಒಬ್ಬಳದೇ. ಮಾವನಿಗೆ, ಗಂಡುಮಕ್ಕಳಿಗೆ, ಹುಡುಗರಿಗೆ. ಉಳಿದದ್ದು ಹೆಪ್ಪಿಗೆ. ನಮಗೆ ನೀರು ಮಜ್ಜಿಗೆ. ನಾಲ್ಕು ಹೆತ್ತರೂ ನನಗೆ ಆ ಗಡಿಗೆಯ ಹಾಲು ಸಿಕ್ಕಿರಲಿಲ್ಲ. "ಹೆಣ್ಣಿನ ನಾಲಗಿಗೆ ಹಾಲಿನ ರುಚಿ ಹತ್ತಿದ್ರ ಮನಿ ಉಳಿಯೂದಿಲ್ಲ" ಅನ್ನುವಳು. ಎಂಟು ಹೆತ್ತ ಅವಳೂ ಕುಡಿಯುತ್ತಿರಲಿಲ್ಲ. ಸುಳ್ಳು ಹೇಳಬಾರದು, ಅದನ್ನೂ ಹೇಳಿಬಿಡುತ್ತೇನೆ.

ಅವಳಿಗೆ ಅರವತ್ತರ ಹತ್ತಿರ. ಆ ವರ್ಷ ಅವಳ ಕೈ ಗಡಿಗೆಗೆ ಎಟುಕದಾಯಿತು. ತುದಿಗಾಲಲ್ಲಿ ನಿಂತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಗ್ಗ ಮ್ಯಾಲೆ ಕಟ್ಟೀಯೇನ? ನನ್ನ ಕೈಗೆ ಸಿಗಬಾರದಂತ?"

"ನಾ ಯಾಕ ಕಟ್ಟಲಿ ಅತ್ತಿ."

"ಮತ್ತ ತೊಲಿ ಬೆಳದೈತೇನ?"

"ಕಡದ ಮರ ಬೆಳೆಯೂದಿಲ್ರಿ. ನೀವ ನೋಡಿಕೋರಿ."

ಸಂಜೆಯೊಳಗೆ ಬಾವಿಕಟ್ಟೆಯ ಹೆಂಗಸರ ಬಾಯಲ್ಲಿ ನಾನು ಹಾಲುಗಳ್ಳಿ. ಒಂದು ಗೇಣು ಇಳಿಸಿ ಕಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಳಿಸಿದರೆ ಮೊದಲು ಏರಿಸಿದ್ದೆ ಅಂತ ಒಪ್ಪಿಕೊಂಡ ಹಾಗಲ್ಲವೆ? ಇಳಿಸಲಿಲ್ಲ. ಎಟುಕದೆ ಒದ್ದಾಡಿ, ಕಡೆಗೆ ಗಂಡುಮಕ್ಕಳನ್ನು ಕೂಗಿ ಇಳಿಸಿಕೊಳ್ಳುವುದನ್ನು ಹದಿನೈದು ದಿನ ಕಣ್ಣಾರೆ ನೋಡಿದೆ. ನನ್ನನ್ನು ಕೇಳಲು ಅವಳಿಗೆ ಬಿಗುಮಾನ, ಇಳಿಸಿಕೊಡಲು ನನಗೆ.

ಕಾಳು ಅಳೆಯುವ ಕೊಳಗಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಹೆಂಗಸು ಅವಳು. ಕೊನೆಗೆ ಅದೇ ಕೊಳಗ ಬೋರಲು ಹಾಕಿ ಹತ್ತಿದಳು. ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಣಗಿದ ಪುಳ್ಳೆ ಮುರಿದ ಹಾಗೆ ಒಂದು ಲಟಕ್. ತೊಡೆಯ ಬುಡದ ಎಲುಬು. ಗಡಿಗೆ ಒಡೆದು ಹಾಲು ಹರಿಯುತ್ತಿತ್ತು. "ಹಾಲು, ಹಾಲು" ಅಂತಿದ್ದಳೇ ಹೊರತು ಕಾಲಿನ ಮಾತು ಆಡಲಿಲ್ಲ.

ಶಿರಸಿ ದವಾಖಾನೆಗೆ ಒಯ್ದೆವು. ಡಾಕ್ಟರಬಾಯಿ ಎಲುಬಿನ ಫೋಟೊ ತೆಗೆಸಿ ನೋಡಿ, "ಇವರು ಮೊದಲೂ ಇಷ್ಟೇ ಎತ್ತರ ಇದ್ದರೇ?" ಅಂತ ಕೇಳಿದರು.

"ಇಲ್ರಿ. ನಮ್ಮಪ್ಪನ ಕಿವಿ ಮಟ ಇದ್ಳು. ಈಗ ಹೆಗಲಿಗೂ ಬರೂದಿಲ್ಲ" ಅಂದರು ನಮ್ಮ ಯಜಮಾನರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು.

"ಎಲುಬು ಒಳಗಿಂದ ಟೊಳ್ಳಾಗಿವೆ. ಬೆನ್ನುಮೂಳೆ ಕುಸಿದು ಗಿಡ್ಡ ಆಗಿದ್ದಾರೆ." ಆಮೇಲೆ ನನ್ನನ್ನು ನೋಡಿ, "ನೀನು ಹಾಲು ಕುಡಿಯುತ್ತೀಯಾ?"

ಮಂಚದ ಮೇಲಿಂದ ಅತ್ತೆಯೇ ಹೇಳಿದಳು: "ಕದ್ದು ಕುಡೀತಾಳ."

"ಕದ್ದಾದರೂ ಕುಡಿಯಲಿ. ಇಲ್ಲದಿದ್ದರೆ ಮುಂದೆ ಈ ಮಂಚ ಇವಳಿಗೇ."

ಅತ್ತೆ ಗೋಡೆ ಕಡೆ ಮುಖ ಮಾಡಿದಳು.

ಮೂರು ತಿಂಗಳು ಮಲಗಿದ್ದು, ಎರಡು ಕೋಲು ಹಿಡಿದು ಮನೆಗೆ ಬಂದಳು. ಆಮೇಲೆ ಆರು ವರ್ಷ ಬದುಕಿದಳು. ಬಚ್ಚಲ ಕಲ್ಲಿನ ಪಾಚಿ ದಿನಾ ನಾನೇ ಉಜ್ಜುತ್ತಿದ್ದೆ. ಹಿಡಿದು ನಡೆಯಲು ಗೋಡೆಗುಂಟ ಹಗ್ಗ ಕಟ್ಟಿದೆ. ಬೆಳಗಿನ ಬಿಸಿಲಲ್ಲಿ ಅಂಗಳ ಸುತ್ತಿಸುತ್ತಿದ್ದೆ, ರಾಗಿ ಅಂಬಲಿ, ಎಳ್ಳಿನ ಚಟ್ನಿ ತಿನ್ನಿಸುತ್ತಿದ್ದೆ. ಅವಳು ಬೈಯುತ್ತ ನಡೆದಳು, ನಾನು ಬೈಸಿಕೊಳ್ಳುತ್ತ ನಡೆಸಿದೆ. ಮತ್ತೆ ಬೀಳಲಿಲ್ಲ. ಹಾಲುಗಳ್ಳಿ ಅಂದದ್ದನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಇಷ್ಟು ವರ್ಷ ಅವಳದೇ ತಪ್ಪು ಅಂತ ಹೇಳಿಕೊಂಡು ಬಂದೆ. ಮೊನ್ನೆ ಗೀಟಿಗೆ ನಿಂತಾಗ ಆ ಹದಿನೈದು ದಿನ ನೆನಪಾದವು. "ಈಗ ನೀ ನಿಂದ್ರು" ಅಂದೆ ಮೊಮ್ಮಗಳಿಗೆ. ಹಾಲಿಲ್ಲದ ಚಾ ಕುಡಿದು ದಿನ ಕಳೆಯುವ ಹುಡುಗಿ. ನಿಂತಳು.

ಇನ್ನೊಂದು ಮಾತು ಉಳಿದಿದೆ. ಆ ವರ್ಷ ಅತ್ತೆಯನ್ನು ದವಾಖಾನೆಯಲ್ಲಿ ಬಿಟ್ಟು ಬಂದ ಮರುದಿನ ಬೆಳಿಗ್ಗೆ ನಾನು ಏಣಿ ಹತ್ತಿದೆ. ತೊಲೆಯ ಮೇಲಿನ ಗಂಟು ಹೊಗೆ ಕುಡಿದು ಕಲ್ಲಾಗಿತ್ತು. ಅತ್ತೆ ಮದುವೆಯಾಗಿ ಬಂದ ವರ್ಷ ತಾನೇ ಹಾಕಿದ್ದ ಗಂಟು, ಯಾರೂ ಬಿಚ್ಚಿರಲಿಲ್ಲ. ಕುಡುಗೋಲಿನಿಂದ ಕೊಯ್ದೆ. ಹೊಸ ಹಗ್ಗ ಹಾಕಿ ಎರಡು ಗೇಣು ಕೆಳಗೆ ಕಟ್ಟಿದೆ. ಹಾಲು ಕಾಯಿಸಿ ಮೊದಲ ಲೋಟ ಬಗ್ಗಿಸಿದೆ. ಮಾವ ಎಂದಿನಂತೆ ಬಂದು ಕೈ ಚಾಚಿ ನಿಂತಿದ್ದರು. ಅವರೆದುರಿಗೇ ಕುಡಿದು, ಲೋಟ ತೊಳೆದು, ಅವರಿಗೆ ಬಗ್ಗಿಸಿ ಕೊಟ್ಟೆ.