ಗುಪ್ತಚರ ಕಚೇರಿಯಾದ ನಮ್ಮ ಮನೆ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ಕೊಲ್ಲಿ ನಾಡಿನ ಮನಾಮಾ ನಗರದಲ್ಲಿ ನಾವು ಬಾಡಿಗೆಗಿದ್ದ ಕಟ್ಟಡವೇ ಮುಂದೆ ಸರ್ಕಾರದ ಗುಪ್ತಚರ ಇಲಾಖೆಯೊಂದರ ಮುಖ್ಯ ಕಚೇರಿಯಾಯಿತು. ಮುತ್ತಿನ ವ್ಯಾಪಾರಿಯೊಬ್ಬರು ಅದನ್ನು ಹೋಟೆಲ್ ಮಾಡಲೆಂದು ಕಟ್ಟಿಸಿದ್ದರಂತೆ. ಹೋಟೆಲ್ ನಡೆಯಲಿಲ್ಲ. ಕೋಣೆಗಳ ನಡುವಿನ ಗೋಡೆ ಒಡೆದು ಫ್ಲಾಟ್ ಮಾಡಿದರು. ಮೆಟ್ಟಿಲು ಹತ್ತುವಾಗ ಕೆಳಗಿನ ಅಂಗಡಿಯ ಏಲಕ್ಕಿ ಕಾಫಿ, ಅಮ್ಮ ಹುರಿಯುವ ಬಂಗುಡೆ, ಸಮುದ್ರದ ಉಪ್ಪುಗಾಳಿ ಎಲ್ಲದರ ವಾಸನೆಯೂ ಒಟ್ಟಿಗೇ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಸರ್ಕಾರ ಅದನ್ನು ಕೊಂಡಿತು. ಯಾವ ಆಫೀಸಿಗೆಂದು ಯಾರೂ ಹೇಳಲಿಲ್ಲ. ಅಮ್ಮನಿಗೆ ದಿನ ತುಂಬಿತ್ತು. ಹೆರಿಗೆಯಾಗುವವರೆಗೆ ಇರುತ್ತೇವೆಂದು ಅಪ್ಪ ಕೇಳಿಕೊಂಡರೂ ಮಾಲೀಕರು ಒಪ್ಪಲಿಲ್ಲ. ಕೊನೆಯ ದಿನ ಅಪ್ಪ ಮೀನಾ ಸಲ್ಮಾನ್ ಬಂದರಿನಲ್ಲಿ ತಾವು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನ ಪಿಕಪ್ ತಂದು, ಪಾತ್ರೆ ಹಾಸಿಗೆ ತುಂಬಿಕೊಂಡು ಉಮ್ ಅಲ್ ಹಸ್ಸಮ್ ಬಡಾವಣೆಯ ಹೊಸ ಮನೆಗೆ ಹೋದರು. ತಿರುಗಿ ಬಂದು ನಮ್ಮನ್ನು ಕರೆದೊಯ್ಯುವುದೆಂದಿತ್ತು.

ಅವರು ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಗೋಡೆ ಹಿಡಿದು ಕುಳಿತುಬಿಟ್ಟಳು. ನೋವು ಶುರುವಾಗಿತ್ತು. ಹೊಸ ತಂತಿ ಎಳೆಯಲೆಂದು ಕರೆಂಟ್ ತೆಗೆದಿದ್ದರಿಂದ ಲಿಫ್ಟ್ ನಿಂತಿತ್ತು. ನಾವಿದ್ದದ್ದು ಎಲ್ಲಕ್ಕಿಂತ ಮೇಲಿನ ಮಹಡಿ. ಅಕ್ಕ ಅಮ್ಮನ ಬೆನ್ನು ನೀವುತ್ತಾ ಕೂತಳು, ನಾನು ಕೆಳಗೆ ಓಡಿದೆ.

ಕೆಲಸದವರ ನಡುವೆ ಉದ್ದನೆಯ ಬಿಳಿ ನಿಲುವಂಗಿ, ತೋಬ್ ತೊಟ್ಟ ಅಧಿಕಾರಿಯೊಬ್ಬರು ನಿಂತಿದ್ದರು. ಅಮ್ಮನಿಗೆ ಮಗು ಬರುತ್ತಿದೆ, ಲಿಫ್ಟ್ ಬೇಕು ಎಂದು ನನಗೆ ಬರುತ್ತಿದ್ದ ಹಿಂದಿಯಲ್ಲಿ ಹೇಳಿದೆ. ಅವರು ಎರಡನೇ ಸಲ ಹೇಳಿಸಲಿಲ್ಲ. ಕೆಲಸ ನಿಲ್ಲಿಸಿ ಕರೆಂಟ್ ಕೊಡಿಸಿದರು. ಅಮ್ಮನನ್ನೂ ಅಕ್ಕನನ್ನೂ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಅಪ್ಪನಿಗೆ ತಿಳಿಸಬೇಕಲ್ಲ, ನಾನು ಉಳಿದೆ. ಮೇಲೆ ಹೋಗಿ ಖಾಲಿ ಮನೆಯ ಕಿಟಕಿಯಲ್ಲಿ ಕೂತೆ.

ಅಷ್ಟರಲ್ಲಿ ಗೇಟಿಗೆ ಕಾವಲುಗಾರ ಬಂದಿದ್ದ. ಹಿಂದಿರುಗಿದ ಅಪ್ಪನನ್ನು ಅವನು ಒಳಗೆ ಬಿಡಲಿಲ್ಲ. ಹೆಂಡತಿ ಮಕ್ಕಳು ಮೇಲಿದ್ದಾರೆಂದು ಅಪ್ಪ ಹಿಂದಿಯಲ್ಲೂ ಅರಬ್ಬಿಯಲ್ಲೂ ಹೇಳಿದರು. ಕಟ್ಟಡ ಖಾಲಿಯಾಗಿದೆ ಎಂದ ಅವನು. ಅವನಿಗೆ ಹೇಳಿದ್ದು ಅಷ್ಟೇ ಇರಬೇಕು. ಇಬ್ಬರ ದನಿಯೂ ಏರಿ ಮೇಲಿನ ಕಿಟಕಿಯವರೆಗೂ ಕೇಳಿಸಿತು.

“ಇದು ನನ್ನ ಮನೆ,” ಎಂದರು ಅಪ್ಪ.

“ನಿನ್ನೆಯವರೆಗೆ,” ಎಂದ ಕಾವಲುಗಾರ.

ನಾನು ಕಿಟಕಿಯಿಂದ “ಅಪ್ಪಾ” ಎಂದು ಕೂಗಿದೆ. ಇಬ್ಬರೂ ತಲೆಯೆತ್ತಿದರು. ಕಾವಲುಗಾರ ತಾನೇ ಮೇಲೆ ಬಂದು, ನನ್ನ ಕೈ ಹಿಡಿದು ಕರೆತಂದು ಅಪ್ಪನಿಗೆ ಒಪ್ಪಿಸಿದ. ನಾವು ಆಸ್ಪತ್ರೆ ತಲುಪುವಾಗ ತಮ್ಮ ಹುಟ್ಟಿದ್ದ. ಅಧಿಕಾರಿ ಹೊರಟುಹೋಗಿದ್ದರು, ಹೆಸರೂ ಹೇಳಿರಲಿಲ್ಲ.

ಕೆಲವು ದಿನಗಳ ಮೇಲೆ ಅಪ್ಪ ಸಿಹಿ ಕಟ್ಟಿಸಿಕೊಂಡು ಆ ಅಧಿಕಾರಿಯನ್ನು ಕಾಣಲು ಹೋದರು. ಅಷ್ಟರಲ್ಲಿ ಗೋಡೆ ಎತ್ತರವಾಗಿತ್ತು, ಕಿಟಕಿಗಳಿಗೆ ಕಪ್ಪು ಗಾಜು ಬಂದಿತ್ತು. ಯಾರನ್ನು ಕೇಳುವುದೆಂದು ತಿಳಿಯದೆ ರಸ್ತೆಯಾಚೆ ಸ್ವಲ್ಪ ಹೊತ್ತು ನಿಂತು ಪೊಟ್ಟಣದ ಸಮೇತ ವಾಪಸಾದರು. ಈಗ ಕಚೇರಿ ಬೇರೆಡೆಗೆ ಹೋಗಿದೆ, ಕಟ್ಟಡವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಇಷ್ಟು ವರ್ಷ ಒಳಗೇನು ನಡೆಯುತ್ತಿತ್ತು ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ ಮಕ್ಕಳೇ.

ರಿಫಾ ಊರಿನ ನಿಮ್ಮ ಮನೆಯಲ್ಲಿ ಬಾಗಿಲಿಗೆ ಯಾರು ಬಂದರೂ ಫೋನಿನಲ್ಲಿ ಮುಖ ಕಾಣುತ್ತದೆ. ನೀವು ಶಾಲೆಯಿಂದ ಬಂದಿರೋ ಇಲ್ಲವೋ ಎಂದು ನಿಮ್ಮ ಅಪ್ಪ ಆಫೀಸಿನಲ್ಲಿ ಕೂತೇ ನೋಡಿಕೊಳ್ಳುತ್ತಾನೆ. ನಾನು ಒಳಗಿದ್ದೇನೆಂದು ನನ್ನ ಅಪ್ಪನಿಗೆ ತಿಳಿದದ್ದು, ನಾನು ಕೂಗಿದ್ದರಿಂದ.