ನೀರು ಬೆರೆಸದ ದಾನವ್ವನ ಸೂಪು

ಕೆಲಗೇರಿಯಲ್ಲಿ ದಾನವ್ವನ ಹಾಲೆಂದರೆ ಹಾಲು. ಮೂವತ್ತೈದು ವರ್ಷ ಮನೆ ಮನೆಗೆ ಹಾಕಿದ್ದಾಳೆ, ಒಂದು ಹನಿ ನೀರು ಬೆರೆಸಿದವಳಲ್ಲ. ಹಾಲಿನವರ ಮೇಲೆ ಗಿರಾಕಿಗೆ ಸಂಶಯ ಬಂತೆಂದರೆ ಜಗಳವೇನೂ ಆಗುವುದಿಲ್ಲ. ‘ನಾಳಿಂದ ಎಮ್ಮಿ ಹೊಡಕೊಂಡ ಬರ್ರಿ, ನಮ್ಮ ಕಣ್ಣ ಮುಂದ ಹಿಂಡ್ರಿ’ ಅನ್ನುತ್ತಾರೆ, ಅಷ್ಟೆ. ಆ ಮಾತು ಕೇಳಿಸಿಕೊಂಡವರು ಬೆಳಗಿನ ಚಳಿಯಲ್ಲಿ ಎಮ್ಮೆ ಎಳೆದುಕೊಂಡು ಹೋಗಿ, ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ತಂಬಿಗೆಯಲ್ಲಿ ಮೊದಲೇ ನೀರಿಲ್ಲ ಎಂದು ಬೋರಲು ಮಾಡಿ ತೋರಿಸಿ, ಆಮೇಲೆ ಹಿಂಡಬೇಕು. ಓಣಿಯೆಲ್ಲ ನೋಡುತ್ತಿರುತ್ತದೆ. ದಾನವ್ವನಿಗೆ ಆ ಮಾತನ್ನು ಯಾರೂ ಅಂದಿರಲಿಲ್ಲ. ಗಂಡ ಸಿದ್ದಲಿಂಗಪ್ಪ ತೀರಿಹೋದ ಮೇಲೆ ಮಗನನ್ನು ಓದಿಸಿದ್ದು, ಮದುವೆ ಮಾಡಿದ್ದು, ಹಂಚಿನ ಮನೆ ಹೋಗಿ ಸ್ಲ್ಯಾಬಿನ ಮನೆ ಬಂದದ್ದು, ಎಲ್ಲ ಆ ನೀರಿಲ್ಲದ ಹಾಲಿನಿಂದಲೇ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಇಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ಕಲಬೆರಕೆ ಮಾಡಿದಳು. ಹಾಲಿಗೆ ನೀರು ಹಾಕಲಿಲ್ಲ, ಸೂಪಿಗೆ ಕೆನೆ ಹಾಕಿದಳು. ಅದರಲ್ಲೇನು ಮಹಾ ತಪ್ಪು ಎಂದು ಕೇಳುವವರು ಪೂರ್ತಿ ಕೇಳಿ.

ಸೊಸೆ ಶಾಂಭವಿ ತವರಿನಲ್ಲಿ ಬಾಣಂತನ ಮುಗಿಸಿ ಐದು ತಿಂಗಳ ಕೂಸು ಎತ್ತಿಕೊಂಡು ಬಂದ ವಾರವೇ ಹಿತ್ತಲಲ್ಲಿ ಎಮ್ಮೆ ಈಯಿತು. ಗಂಡು ಕರು. ಹೆಣ್ಣಾಗಿದ್ದರೆ ದಾನವ್ವ ಹೊಟ್ಟೆ ತುಂಬ ಕುಡಿಯಬಿಡುತ್ತಿದ್ದಳು. ಗಂಡಿಗೆ ಅಷ್ಟು ಹಾಲು ಯಾಕೆಂದು ನಾಲ್ಕು ಗುಟುಕು ಕುಡಿಸಿ ಎಳೆದು ಕಟ್ಟಿದಳು. ಅವಳ ಅತ್ತೆ ಮಾಡಿದ್ದೂ ಹಾಗೆಯೇ, ನೆರೆಹೊರೆಯವರು ಮಾಡುವುದೂ ಹಾಗೆಯೇ. ಮೂರು ವಾರಕ್ಕೆ ಕರು ಸತ್ತಿತು. ಕರು ಇಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲವಲ್ಲ, ಅದಕ್ಕೆ ದಾನವ್ವ ಚರ್ಮ ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಸಿ, ಆ ಬೊಂಬೆಯನ್ನು ಎಮ್ಮೆಯ ಮುಂದೆ ನಿಲ್ಲಿಸಿದಳು. ಎಮ್ಮೆ ಅದನ್ನು ಮೂಸಿತು, ನೆಕ್ಕಿತು, ಹಾಲು ಕೊಟ್ಟಿತು.

ಹಿತ್ತಲ ಬಾಗಿಲಲ್ಲಿ ಕೂಸಿಗೆ ಹಾಲೂಡಿಸುತ್ತ ಕೂತಿದ್ದ ಶಾಂಭವಿ ಇದನ್ನೆಲ್ಲ ನೋಡಿದಳು. ಮರುದಿನ ಚಹಾದ ಲೋಟ ಸರಿಸಿ ಹೇಳಿದಳು:

‘ನನಗ ಇನ್ನ ಹಾಲು ಬ್ಯಾಡ್ರಿ ಅತ್ತಿ. ಮಸರು, ಮಜ್ಜಿಗಿ, ತುಪ್ಪ, ಯಾವದೂ ಬ್ಯಾಡ.’

ಅಷ್ಟೇ. ಆಮೇಲೆ ಅತ್ತೆಯ ಜೊತೆ ಬೇಕಾದಷ್ಟೇ ಮಾತು. ದಾನವ್ವನಿಗೆ ಮೈಯೆಲ್ಲ ಉರಿಯಿತು. ಹಾಲಿನ ಮನೆಗೆ ಬಂದು ಹಾಲು ಒಲ್ಲೆ ಅನ್ನುವ ಸೊಕ್ಕು ನೋಡು ಎಂದು ಮಗ ಬಸವಪ್ರಭುವಿನ ಮುಂದೆ ಹಾರಾಡಿದಳು. ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಬಸ್ಸು ಹಿಡಿಯುವ ಅವಸರದಲ್ಲಿದ್ದ ಅವನು, ನೀವಿಬ್ಬರೇ ಏನಾದರೂ ಮಾಡಿಕೊಳ್ಳಿ ಎಂದು ಹೊರಟೇಬಿಟ್ಟ. ಸಿಟ್ಟು ಇಳಿದ ಮೇಲೆ ದಾನವ್ವನಿಗೆ ಹೆದರಿಕೆ ಶುರುವಾಯಿತು. ಶಾಂಭವಿ ಒಣ ರೊಟ್ಟಿ, ಪಲ್ಯ ತಿಂದು ದಿನದಿನಕ್ಕೆ ಇಳಿಯುತ್ತಿದ್ದಳು. ಕೂಸು ಇನ್ನೂ ತಾಯಿಯ ಹಾಲನ್ನೇ ನೆಚ್ಚಿಕೊಂಡಿತ್ತು.

ಶಿಶುವಿಹಾರದ ನೌಕರಿಗೆ ಮತ್ತೆ ಹೋಗಲು ಶುರು ಮಾಡಿದಾಗ ಶಾಂಭವಿ ಮೊಬೈಲಿನಲ್ಲಿ ಒಂದು ಸೂಪು ಮಾಡುವುದನ್ನು ತೋರಿಸಿದಳು. ಎಲೆಕೋಸು, ಉಳ್ಳಾಗಡ್ಡಿ, ಬಟಾಟಿ, ಬೆಳ್ಳುಳ್ಳಿ ಮೆತ್ತಗೆ ಬೇಯಿಸಬೇಕು, ನೆನೆಸಿದ ಗೋಡಂಬಿ ನುಣ್ಣಗೆ ರುಬ್ಬಿ ಕೂಡಿಸಬೇಕು, ಮೇಲೆ ಮೆಣಸಿನ ಪುಡಿ. ಹಾಲು ಮುಟ್ಟಿಸದೆ ಹಾಲಿನಷ್ಟು ಬೆಳ್ಳಗೆ, ಗಟ್ಟಿಯಾಗಿ ಬರುತ್ತದಂತೆ. ಎಲೆಕೋಸು ವಾಯು, ಕೂಸಿನ ಹೊಟ್ಟೆ ಉಬ್ಬುತ್ತದೆ ಎಂದು ದಾನವ್ವ ಗೊಣಗಿದಳಾದರೂ, ಸಂಜೆ ನಾಲ್ಕಕ್ಕೆ ಸೊಸೆ ಬರುವಷ್ಟರಲ್ಲಿ ತಾನೇ ಮಾಡಿಡುತ್ತೇನೆಂದು ಒಪ್ಪಿಕೊಂಡಳು.

ಒಪ್ಪಿಕೊಂಡದ್ದೇನೋ ಸರಿ, ಮೊಬೈಲು ಹೇಳಿದ್ದನ್ನು ಕೇಳಬೇಕಲ್ಲ! ನೆನೆಸುವುದು ಯಾಕೆಂದು ಗೋಡಂಬಿಯನ್ನು ಶೇಂಗಾ ಚಟ್ನಿಗೆ ಹಾಕುವ ಹಾಗೆ ಒಣಗಿದ್ದನ್ನೇ ಮಿಕ್ಸರಿಗೆ ಹಾಕಿದಳು. ಸೂಪು ಮೇಲೆ ನೀರು, ಕೆಳಗೆ ರವೆ. ಶಾಂಭವಿ ಮೂರು ದಿನ ಮರ್ಯಾದೆಗೆಂದು ನಾಲ್ಕು ಚಮಚ ಕುಡಿದು ಬಟ್ಟಲು ಸರಿಸಿದಳು. ನಾಲ್ಕನೆಯ ದಿನ ಒಲೆಯ ಪಕ್ಕದಲ್ಲೇ ಕೆನೆಯ ಬಟ್ಟಲಿತ್ತು. ಕೈ ತಾನಾಗಿಯೇ ಹೋಯಿತು ಎಂದು ದಾನವ್ವ ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು. ಬಾಗಿಲ ಕಡೆ ಒಮ್ಮೆ ನೋಡಿಯೇ ಹಾಕಿದಳು.

ಅಂದು ಶಾಂಭವಿ ಬಟ್ಟಲನ್ನು ಬೆರಳಿನಿಂದ ಬಳಿದು ತಿಂದಳು. ಎಷ್ಟೋ ದಿನದ ಮೇಲೆ ಅತ್ತೆಯ ಮುಖ ನೋಡಿ ನಕ್ಕಳು.

‘ಭಾಳ ಛಲೋ ಆಗೇತ್ರಿ ಅತ್ತಿ. ಗೋಡಂಬಿ ಭಾರಿ ಸಣ್ಣಗ ರುಬ್ಬೀರಿ.’

ದಾನವ್ವ ‘ಹೂಂ’ ಅಂದಳು. ಆಡಿದ ಸುಳ್ಳು ಅಷ್ಟೇ, ಒಂದು ಹೂಂ.

ಆಮೇಲೆ ದಿನಾ ಅದೇ ನಡೆಯಿತು. ಶಾಂಭವಿ ವಾರವಾರ ತರುತ್ತಿದ್ದ ಗೋಡಂಬಿಯನ್ನು ದಾನವ್ವ ಹಳೆಯ ಅವಲಕ್ಕಿ ಡಬ್ಬಿಯಲ್ಲಿ ಸುರಿದು, ಅಟ್ಟದ ಮೇಲೆ ಸಂಡಿಗೆಯ ಹಿಂದೆ ಇಟ್ಟಳು. ಸೊಸೆಯ ಮೈ ತುಂಬಿತು. ಮಾತೂ ಮರಳಿ ಬಂತು. ಶಿಶುವಿಹಾರದ ಸುದ್ದಿ ಹೇಳುತ್ತಾಳೆ, ರವಿವಾರ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಾಳೆ. ಹೀಗೆ ಎಣ್ಣೆ ಹಚ್ಚುತ್ತಲೇ ಒಂದು ದಿನ ಅಂದಳು:

‘ಕರ ಸತ್ತಾಗ ನಿಮ್ಮ ಮ್ಯಾಲೆ ಭಾಳ ಸಿಟ್ಟಿತ್ರಿ ನನಗ. ಆದ್ರ ನನ್ನ ಸಲುವಾಗಿ ದಿನಾ ಹಾಲಿಲ್ಲದ ಅಡಗಿ ಮಾಡಾಕತ್ತೀರಿ. ನಿಮಗೂ ತಿಳದೇತಿ ಅನಿಸ್ತು, ಸಿಟ್ಟು ಹೋತ್ರಿ.’

ದಾನವ್ವ ತಲೆ ಬಗ್ಗಿಸಿ ಕೂತಿದ್ದದ್ದು ಪುಣ್ಯ, ಮುಖ ಕಾಣಲಿಲ್ಲ. ಹೇಳಿದರೆ ಈ ಕೈ ತಲೆಯಿಂದ ಸರಿದುಹೋಗುತ್ತದೆ, ಹೇಳದಿದ್ದರೆ ದಿನಾ ಸಂಜೆ ಬಾಗಿಲ ಕಡೆ ನೋಡಿ ಕೆನೆ ಹಾಕಬೇಕು. ಕೂಸಿನ ಸಲುವಾಗಿ ತಾನೇ ಮಾಡಿದ್ದು ಎಂದು ಎಷ್ಟು ಅಂದುಕೊಂಡರೂ ಮನಸ್ಸು ಒಪ್ಪಲಿಲ್ಲ. ‘ಛಲೋ ಆಗೇತ್ರಿ’ ಅನ್ನಿಸಿಕೊಳ್ಳುವ ಆಸೆಯೂ ಅದರಲ್ಲಿ ಅರ್ಧ ಇತ್ತು. ಮರುದಿನ ಹಾಲು ಹಾಕುವಾಗ ರಾಹೇಲ ಬಾಯಿ, ಇಪ್ಪತ್ತು ವರ್ಷದ ಗಿರಾಕಿ, ನಿಮ್ಮ ಹಾಲನ್ನು ಕಣ್ಣು ಮುಚ್ಚಿ ತಗೋಬಹುದು ಎಂದು ಪಕ್ಕದ ಮನೆಯವರ ಮುಂದೆ ಹೊಗಳಿದರು. ಬೇರೆ ದಿನವಾಗಿದ್ದರೆ ದಾನವ್ವ ಅಲ್ಲೇ ಅರ್ಧ ತಾಸು ನಿಂತು ಮಾತು ಬೆಳೆಸುತ್ತಿದ್ದಳು. ಅಂದು ಲೋಟ ಅಳೆದು ಹಾಕಿ ತಲೆ ಎತ್ತದೆ ಬಂದಳು.

ಆವತ್ತೇ ಸಂಜೆ ಹಿಂಡಲು ಕೂತಾಗ ನೋಡಿದಳು. ಹುಲ್ಲಿನ ಕರುವಿನ ಹೊಟ್ಟೆಯ ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ ಬಂದಿತ್ತು. ಎಮ್ಮೆ ಅದನ್ನೂ ನೆಕ್ಕುತ್ತಿತ್ತು. ನೆಕ್ಕಿ, ಸಣ್ಣ ದನಿಯಲ್ಲಿ ಕರೆದು, ಹಾಲು ಇಳಿಸಿತು. ದಾನವ್ವನ ಕೈ ನಿಂತಿತು. ಇದರ ಮುಂದೆ ಹುಲ್ಲು ತುಂಬಿದ್ದನ್ನು ಇಟ್ಟು ನಂಬಿಸಿದೆ, ಸೊಸೆಯ ಮುಂದೆ ಬಟ್ಟಲು ಇಟ್ಟು ನಂಬಿಸಿದೆ. ಎರಡೂ ನನ್ನದೇ ಕೈಯ ಕೆಲಸ. ಅವಳಿಗೆ ಅಲ್ಲೇ ಅಳು ಬಂತು.

ಮರುದಿನ ಬೆಳಿಗ್ಗೆಯೇ ಗೋಡಂಬಿ ನೆನೆಹಾಕಿದಳು. ಮಧ್ಯಾಹ್ನ ಕೂಸು ಮಲಗಿದಾಗ ಮಿಕ್ಸರು ಬಿಟ್ಟು ಒಳಕಲ್ಲಿನಲ್ಲಿ ಬೆಣ್ಣೆಯಂತಾಗುವ ತನಕ ರುಬ್ಬಿದಳು. ಸೂಪು ಬೆಳ್ಳಗೆ, ಗಟ್ಟಿಯಾಗಿಯೇ ಬಂತು. ಇಷ್ಟೇ ಆಗಿತ್ತಲ್ಲ ಶಿವನೆ, ಮೊದಲ ದಿನವೇ ನೆನೆಸಿದ್ದರೆ ಮುಗಿಯುತ್ತಿತ್ತಲ್ಲ ಎಂದು ಹಣೆ ಚಚ್ಚಿಕೊಂಡಳು.

ಶಾಂಭವಿ ಬಂದಳು, ಎರಡು ಚಮಚ ಕುಡಿದಳು, ಇವತ್ತು ರುಚಿ ಬೇರೆ ಆಗಿದೆಯಲ್ಲ ಎಂದು ಕೇಳಿದಳು. ಎಲೆಕೋಸು ಎಳೆಯದಿತ್ತು ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ದಾನವ್ವ ಸ್ಟೂಲು ಹತ್ತಿ ಡಬ್ಬಿ ಇಳಿಸಿ, ಮುಚ್ಚಳ ತೆಗೆದು ಸೊಸೆಯ ಮುಂದೆ ಇಟ್ಟಳು.

‘ನೀ ತಂದ ಗೋಡಂಬಿ ಎಲ್ಲಾ ಇದರಾಗ ಅದಾವು. ಇಷ್ಟ ದಿನ ನಾ ಹಾಕಿದ್ದು ಕೆನಿ. ಇವತ್ತಿನದಷ್ಟ ಖರೇ ಗೋಡಂಬೀದು.’

‘ಎಷ್ಟ ದಿನದಿಂದ್ರಿ?’

‘ಎರಡ ತಿಂಗಳಾತು.’

ಶಾಂಭವಿ ಡಬ್ಬಿಯೊಳಗೆ ಕೈ ಹಾಕಿ ಒಂದಿಷ್ಟು ಗೋಡಂಬಿ ಎತ್ತಿ ನೋಡಿ ಮತ್ತೆ ಬಿಟ್ಟಳು. ಕೂಸು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸೂಪು ಅಲ್ಲೇ ಆರಿತು.

ದಾನವ್ವ ಕೊಟ್ಟಿಗೆಗೆ ಹೋಗಿ ಹುಲ್ಲಿನ ಕರುವನ್ನು ಎತ್ತಿ ಒಯ್ದು ಹಿತ್ತಲ ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದಳು. ಆ ಸಂಜೆ ಎಮ್ಮೆ ಸುತ್ತಮುತ್ತ ನೋಡಿ ಹಾಲು ಬಿಗಿಹಿಡಿಯಿತು. ಬೆಳಿಗ್ಗೆಯೂ ಕೊಡಲಿಲ್ಲ. ಹಿಂಡುವ ಎಮ್ಮೆ ಕೊಟ್ಟಿಗೆಯಲ್ಲಿದ್ದೂ ಮೂವತ್ತೈದು ವರ್ಷದಲ್ಲಿ ಮೊದಲ ಸಲ ದಾನವ್ವ ಖಾಲಿ ಕೈಯಲ್ಲಿ ಹೋಗಿ, ಇವತ್ತು ಹಾಲಿಲ್ಲ ಎಂದು ಒಂದೊಂದು ಬಾಗಿಲಲ್ಲೂ ಹೇಳಿ ಬಂದಳು.

ಇನ್ನು ಸೊಸೆ ತನ್ನ ಕೈಯಲ್ಲಿ ನೀರೂ ಕುಡಿಯುವುದಿಲ್ಲ ಎಂದುಕೊಂಡು ನಾಲ್ಕು ಗಂಟೆಗೆ ಒಲೆ ಹಚ್ಚದೆ ಕೂತಿದ್ದಳು. ಶಾಂಭವಿ ಬಂದಳು. ಕೈಯಲ್ಲಿ ಎಲೆಕೋಸಿನ ಚೀಲ. ಅಡುಗೆಮನೆಯ ಬಾಗಿಲಲ್ಲೇ ಮಣೆ ಎಳೆದುಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

‘ಮಾಡ್ರಿ ಅತ್ತಿ. ಇನ್ನ ಮುಂದ ನನ್ನ ಕಣ್ಣ ಮುಂದ ಮಾಡ್ರಿ.’

ಊರಲ್ಲಿ ಯಾರೂ ಅನ್ನದ ಮಾತು ಕೊನೆಗೆ ಮನೆಯೊಳಗೇ ಬಂತು. ದಾನವ್ವ ಕಣ್ಣೊರೆಸಿಕೊಂಡಳು. ಎದ್ದಳು. ಪಾತ್ರೆ ತೊಳೆದು ತಂದಳು. ಸೊಸೆಯ ಮುಂದೆ ಅದನ್ನು ಬೋರಲು ಮಾಡಿ ತೋರಿಸಿ, ಆಮೇಲೆ ಒಲೆಯ ಮೇಲಿಟ್ಟಳು.