ರೊಟ್ಟಿಯೋ ರೊಟ್ಟೆಯೋ

ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸ್ಟೇಷನ್ ರಸ್ತೆಯ ಶಾಲೆಯಿಂದ ಬಂದವಳು ಚಪ್ಪಲಿ ಕಳೆಯುವ ಮೊದಲೇ, "ಯಕ್ಕಾ, ಅಕ್ಕೋರು ನಿನ್ನ ಬರಹ ಓದಿ ಭಾಳ ನಕ್ರು," ಅಂದಳು. ಕೈಯಲ್ಲಿನ ಮೊರ ಅಲ್ಲೇ ನಿಂತಿತು.

ಲಡಾಯಿಯ ಕಾಲ ಅದು. ಜೋರಾಪುರ ಪೇಟೆಯ ನಮ್ಮಂಥ ಸೊಸೆಯಂದಿರಿಗೆ ಅಕ್ಕೋರು ಮಧ್ಯಾಹ್ನ ಓದುಬರಹ ಕಲಿಸುತ್ತಿದ್ದರು. ಅತ್ತೆ ಒಂದು ಕರಾರಿನ ಮೇಲೆ ಕಳಿಸಿದ್ದರು: ದೀಪಾವಳಿಗೆ ಪಾಸಾದರೆ ಮುಂದೆ ಹೋಗುವುದು, ಇಲ್ಲವಾದರೆ ಮನೆ. ಆ ಪರೀಕ್ಷೆಗೆ 'ನಮ್ಮ ಮನೆ' ಅಂತ ಒಂದು ಪುಟ ಬರೆದು ಕೊಟ್ಟಿದ್ದೆವು. ಆ ದಿನ ಅಡುಗೆಯ ಪಾಳಿ ನನ್ನದು, ಹಾಗಾಗಿ ಹೋಗಿರಲಿಲ್ಲ.

ನೆಗೆಣ್ಣಿ ಬಬಲೇಶ್ವರದವಳು. ಒಮ್ಮೆ ನೋಡಿದ ಅಕ್ಷರ ಅವಳ ಕೈಗೆ ತಾನೇ ಬಂದು ಕೂಡುತ್ತಿತ್ತು. "ಆಕೀಗದು ಹುಟ್ಟಾ ಬಂದೈತಿ," ಅನ್ನುತ್ತಿದ್ದರು ಎಲ್ಲರೂ. ನನಗೆ ಹಾಗಲ್ಲ. ಕಾಗದ ತುಟ್ಟಿ. ರೊಟ್ಟಿ ಮಾಡುವ ಮುನ್ನ ಪರಾತದ ಹಿಟ್ಟಿನಲ್ಲೇ ಬೆರಳಿನಿಂದ ಬರೆದು ಬರೆದು ಅಳಿಸುತ್ತಿದ್ದೆ. ಪೂಜೆಗೆ ಕೂತಾಗ ದೊಡ್ಡದೇನೂ ಬೇಡುತ್ತಿರಲಿಲ್ಲ: ಶಿವನೇ, ಎರಡು ಸಾಲು ನೆಟ್ಟಗೆ ಬರಲಿ, ಸಾಕು.

"ಯಾಕ ನಕ್ರು?" ಅಂದೆ.

"ರೊಟ್ಟೆ ಅಂತ ಬರದೀಯಲ್ಲಬೇ! ಬುಟ್ಟೆ, ತಂಗೆ..."

ಆಗ ತಿಳಿಯಿತು. ಮಾತಿನಾಗ ಮನಿ, ಎಲಿ. ಬರೆಯುವಾಗ ಮನೆ, ಎಲೆ ಅಂತ ಅಕ್ಕೋರು ಕಲಿಸಿದ್ದರು. ಮಾತಿನಂತೆ ಬರೆದೇನೆಂಬ ಅಂಜಿಕೆಗೆ ನಾನು ಕಂಡಕಂಡ ಗುಡಿಸನ್ನೆಲ್ಲ ತೆಗೆದು ಎತ್ವ ಕೊಟ್ಟಿದ್ದೆ. ದೇವರನ್ನೂ ಬಿಟ್ಟಿರಲಿಲ್ಲ, ಸ್ವಾಮಿ ಹೋಗಿ ಸ್ವಾಮೆ ಆಗಿದ್ದ.

ಅಷ್ಟರಲ್ಲಿ ಅತ್ತೆ ಹಿತ್ತಲಿಂದ ಬಂದರು. "ಏನಂದ್ರಬೇ ನಿಮ್ಮ ಅಕ್ಕೋರು?"

ನೆಗೆಣ್ಣಿ ದನಿ ಇಳಿಸಿದಳು. "ನಾ ಪಾಸರಿ ಅತ್ತಿ. ಯಕ್ಕಾ ಮತ್ತ ಮೊದಲಿಂದ ಕಲೀಬೇಕಂತ." ರೊಟ್ಟೆಯ ಸುದ್ದಿಯನ್ನೂ ಹೇಳಿದಳು.

ನಾನು ಜೋಳದಲ್ಲಿ ಇಲ್ಲದ ಹರಳು ಹುಡುಕುತ್ತಿದ್ದೆ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಹೊಸದಾಗಿ ಬಂದಾಗ ನಿನ್ನ ರೊಟ್ಟಿ ಹ್ಯಾಂಗಿದ್ವು?"

"ಹರೀತಿದ್ವುರಿ."

"ಎಮ್ಮಿ ಸೈತ ಮೂಸಿ ಮಾರಿ ತಿರುವತಿತ್ತು. ಅದಕ್ಕಂತ ನಾ ನಿನ್ನ ತಿಕೋಟಾಕ, ತವರಮನಿಗೆ ಕಳಿಸಿಬಿಟ್ನೇನು?"

"ಇಲ್ರಿ."

"ಹಂಗಾರ ಯುಗಾದಿ ಮಟ ನೋಡೂಣು. ಆಮ್ಯಾಲ ಕೇಳಬ್ಯಾಡ ಮತ್ತ."

ನಾಪಾಸಾದ ದಿನವೇ ವಾಯಿದೆ ಸಿಕ್ಕಿತು, ಶಿವನ ದಯೆ. ಎದೆ ಮಾತ್ರ ಹಗುರಾಗಲಿಲ್ಲ. ರೊಟ್ಟಿಗಾದರೆ ದಿನಾ ಹಿಟ್ಟು, ದಿನಾ ಒಲೆ, ಬೆನ್ನ ಹಿಂದೆ ಅತ್ತೆ. ಹುಟ್ಟಾ ಬಾರದ ಅಕ್ಷರ ಯುಗಾದಿಯೊಳಗೆ ನನಗೆಲ್ಲಿ ಬಂದೀತು?

ಎಸರು ಕುದಿಯುತ್ತಿತ್ತು. ಪರಾತಕ್ಕೆ ಹಿಟ್ಟು ಸುರಿದು, ಬೆರಳಿಂದ 'ರೊಟ್ಟ' ಅಂತ ಬರೆದೆ. ಬೆರಳು ತಡೆಯಿತು. ಬಾಯಿಬಿಟ್ಟು ಒಮ್ಮೆ ಅಂದು ನೋಡಿ, ಗುಡಿಸು ಕೊಟ್ಟೆ. ಅದರ ಮೇಲೆಯೇ ಬಿಸಿನೀರು ಹೊಯ್ದು ಹಿಟ್ಟು ನಾದಿ, ಮೊದಲನೆಯ ರೊಟ್ಟಿ ಬಡಿಯಲು ಕೂತೆ.